ಜೋಗಕ್ಕೆ ಹೊರಟವನ ದಾರಿ

೧ ಅಕ್ಟೋಬರ್ ೧೯೬೭, ಗಂಗೊಳ್ಳಿ

ಗುಣಪಾಲನ ಜಾವಾ ಮೋಟಾರ್ ಸೈಕಲ್ ಇವತ್ತಿನಿಂದ ನನ್ನದು. ಬ್ರಹ್ಮಾವರದ ಅವನ ಮನೆಯಿಂದ ಕುಂದಾಪುರದವರೆಗೆ ಅವನೇ ಓಡಿಸಿಕೊಂಡು ಬಂದ, ನಾನು ಹಿಂದೆ ಕೂತೆ. ಕಡವಿನಲ್ಲಿ ಅದನ್ನು ದೋಣಿಗೆ ಏರಿಸುವುದೇ ದೊಡ್ಡ ಕೆಲಸವಾಯಿತು. ಹೊಳೆಯ ನಡುವೆ ದೋಣಿ ವಾಲಿದಾಗಲೆಲ್ಲ ಉಳಿದವರು ತಮ್ಮ ಮಕ್ಕಳನ್ನು ಹಿಡಿದುಕೊಂಡರು, ನಾನು ಮೋಟಾರ್ ಸೈಕಲನ್ನು ಹಿಡಿದುಕೊಂಡೆ.

ಗುಣಪಾಲ ಈ ವಾರ ಬೊಂಬಾಯಿಗೆ ಹೋಗುತ್ತಾನೆ. ಅಲ್ಲಿ ಅವನ ಅಣ್ಣನ ಹೋಟೆಲಿದೆ. ಇನ್ನು ಈ ಊರಿನಲ್ಲಿ ನಾನು ಹೆಗಲ ಮೇಲೆ ಕೈಹಾಕಿ ಮಾತಾಡುವಂಥವರು ಯಾರೂ ಇಲ್ಲ. ಇದನ್ನು ಅವನಿಗೆ ಹೇಳಲಿಲ್ಲ. ನನ್ನಂಥ ಐಸ್ ಪ್ಲಾಂಟಿನ ಮ್ಯಾನೇಜರಿಗೆ ಮೋಟಾರ್ ಸೈಕಲ್ ಎಂತಕ್ಕೆ ಎಂದು ಕೇಳಿದ. ಜೋಗಕ್ಕೆ ಹೋಗಬೇಕು ಎಂದೆ. ಬಾಯಿಗೆ ಬಂದದ್ದು ಹೇಳಿದ್ದು. ಆದರೆ ದೋಣಿ ಈಚೆ ದಡ ಮುಟ್ಟುವ ಹೊತ್ತಿಗೆ ನಿಜವಾಗಿಯೂ ಹೋಗಬೇಕು ಅನ್ನಿಸಿಬಿಟ್ಟಿತ್ತು.

ಮಳೆ ಪೂರ್ತಿ ಬಿಟ್ಟ ಮೇಲೆ, ಡಿಸೆಂಬರಿನಲ್ಲಿ. ಸಿದ್ದಾಪುರ, ಹೊಸಂಗಡಿ, ಬಾಳೆಬರೆ ಘಾಟಿ ಹತ್ತಿ ಹೊಸನಗರ, ಸಾಗರ, ಜೋಗ. ಇಳಿಯುವಾಗ ಗೇರುಸೊಪ್ಪೆ ಘಾಟಿ, ಹೊನ್ನಾವರ, ಭಟ್ಕಳ, ಬೈಂದೂರು. ಹೋಟೆಲು, ಛತ್ರ ಬೇಡ. ಹಾಯಿಬಟ್ಟೆಯ ಡೇರೆ ಹಾಕಿಕೊಂಡು ದಾರಿ ಬದಿಯಲ್ಲೇ ಮಲಗುವುದು, ಅಲ್ಲೇ ಬೇಯಿಸಿಕೊಳ್ಳುವುದು. ಒಬ್ಬನೇ.

ಸಿದ್ದಾಪುರದಲ್ಲಿ ಬಲಕ್ಕೆ ತಿರುಗಿದರೆ ಅಮಾಸೆಬೈಲು. ಆ ಕಡೆ ನನಗೆ ಕೆಲಸವಿಲ್ಲ.

೬ ಅಕ್ಟೋಬರ್

ತ್ರಾಸಿಯ ಮರಳಿನಲ್ಲಿ ಬಿದ್ದೆ. ಈ ಗಾಡಿಯಲ್ಲಿ ಒದ್ದು ಸ್ಟಾರ್ಟ್ ಮಾಡುವ ಕಡ್ಡಿಯನ್ನೇ ಮಡಚಿದರೆ ಅದು ಗೇರ್ ಆಗುತ್ತದೆ. ಮಡಚಲು ಮರೆತು ಕಾಲಿನಲ್ಲಿ ತಡಕುತ್ತಾ ಇದ್ದೆ, ರಸ್ತೆ ತಪ್ಪಿತು. ಮೊಣಕೈ ತರಚಿದೆ. ಬಲೆ ಒಣಗಿಸುತ್ತಿದ್ದವರು ಬಂದು ಎತ್ತಿದರು. ಎತ್ತುವವರೆಗೆ ಯಾರೂ ನಗಲಿಲ್ಲ, ಎತ್ತಿದ ಮೇಲೆ ನಕ್ಕರು.

ಕೋಣೆಗೆ ಬಂದು ಎಡಗೈಯಲ್ಲಿ ಬಲ ಮೊಣಕೈಗೆ ಅರಿಶಿನ ಹಚ್ಚಿಕೊಂಡೆ. ಅರ್ಧ ಅಂಗಿಗೆ ಹತ್ತಿತು.

೧೫ ಅಕ್ಟೋಬರ್, ಬೈಂದೂರು

ಮಂಜಯ್ಯ ಮಾವ ಬರಹೇಳಿದ್ದರು. ಅಮ್ಮ ಹೋದ ಮೇಲೆ ನನ್ನ ಕಡೆಯ ಹಿರಿಯರೆಂದರೆ ಈ ಸೋದರಮಾವ ಒಬ್ಬರೇ. ಐಸ್ ಪ್ಲಾಂಟಿನ ಕೆಲಸ ಕೊಡಿಸಿದ್ದೂ ಅವರೇ, ಹೆಣ್ಣು ನೋಡಿದ್ದೂ ಅವರೇ. ಹಾಗಾಗಿ ಅವರ ಎದುರು ನಾನು ಈಗಲೂ ಕಂಬಕ್ಕೆ ಒರಗಿ ಕೂರುವುದಿಲ್ಲ.

ಅಮಾಸೆಬೈಲಿನವರು ಹೇಳಿ ಕಳಿಸಿದ್ದಾರಂತೆ. ಎರಡು ವರ್ಷವಾಯಿತು, ಹೆಂಡತಿ ಅವಳ ಮನೆಯಲ್ಲಿ, ಗಂಡ ಗಂಗೊಳ್ಳಿಯಲ್ಲಿ. ಅವಳ ತಾಯಿಗೆ ವಯಸ್ಸಾಯಿತು. ಹೀಗೆ ಎಷ್ಟು ದಿನ? ಬಿಡುಗಡೆ ಮಾಡಿಕೊಂಡರೆ ಇಬ್ಬರಿಗೂ ಮುಂದಿನ ದಾರಿ. ಡಿಸೆಂಬರ್ ಹದಿನೇಳಕ್ಕೆ ಎರಡೂ ಕಡೆಯವರು ಮಾವನ ಮನೆಯಲ್ಲಿ ಸೇರುವುದೆಂದು ಮಾತಾಗಿದೆ.

ನಾನು ಆಗಲಿ ಎಂದೆ.

"ಆಗ್ಲಿ ಅಂದ್ರೆ ಎಂತದಾ? ನಿನ್ನ ಮನ್ಸಲ್ಲ್ ಎಂತ ಇತ್ತ್ ಹೇಳ್," ಎಂದರು ಮಾವ.

ನನ್ನ ಮನಸ್ಸಿನಲ್ಲಿ ಏನಿದೆ ಎಂದು ಹುಡುಕಿದೆ. ಅಷ್ಟರಲ್ಲಿ ಅತ್ತೆ ಊಟಕ್ಕೆ ಕರೆದರು.

ಬರುವಾಗ ದಾರಿಯಲ್ಲಿ ನಿಶ್ಚಯ ಮಾಡಿದೆ. ಹದಿನಾರಕ್ಕೇ ಹೊರಡುವುದು. ಹದಿನೇಳಕ್ಕೆ ನಾನು ಹೊಸನಗರದ ಆಚೆ ಎಲ್ಲಾದರೂ ಅಕ್ಕಿ ಬೇಯಿಸುತ್ತಿರುತ್ತೇನೆ. ಹಿರಿಯರು ಅವರವರೇ ಮಾತಾಡಿಕೊಳ್ಳಲಿ. ನಾನು ಒಪ್ಪಿದ್ದೇನೆ ಎಂದ ಮೇಲೆ ನನ್ನ ಮುಖ ಅಲ್ಲಿ ಯಾಕೆ ಬೇಕು?

೨ ನವೆಂಬರ್, ದೀಪಾವಳಿ

ಪ್ಲಾಂಟಿಗೆ ರಜೆ. ಯಂತ್ರ ನಿಂತರೆ ಈ ಕೋಣೆ ಇಷ್ಟು ಸದ್ದಿಲ್ಲದೆ ಇರುತ್ತದೆಂದು ಗೊತ್ತಿರಲಿಲ್ಲ. ಎಣ್ಣೆ ಹಚ್ಚಿಕೊಂಡು ಮಿಂದೆ. ಬೆನ್ನಿಗೆ ಕೈ ಎಟುಕಲಿಲ್ಲ.

೧೨ ನವೆಂಬರ್

ಲೈಸೆನ್ಸ್ ಆಯಿತು. ಇನ್ಸ್‌ಪೆಕ್ಟರು ಮೈದಾನದಲ್ಲಿ ಎಂಟರ ಆಕಾರದಲ್ಲಿ ಸುತ್ತಿಸಿದರು, ಕಾಲು ನೆಲಕ್ಕೆ ತಾಗಲಿಲ್ಲ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಗುಣಪಾಲನಿಗೆ ಕಾರ್ಡು ಹಾಕಿದೆ.

ದೋಣಿಗಳಿಗೆ ಇಂಜಿನ್ ಬಂದ ಮೇಲೆ ಹಳೆಯ ಹಾಯಿಗಳನ್ನು ಕೇಳುವವರಿಲ್ಲ. ದೋಣಿ ಕಟ್ಟುವ ಧಕ್ಕೆಯಲ್ಲಿ ಒಬ್ಬರು ಒಂದು ಹಾಯಿ ಸುಮ್ಮನೆ ಕೊಟ್ಟರು. ಕತ್ತರಿಸಿ, ದಬ್ಬಣದಲ್ಲಿ ಹೊಲಿದು ಡೇರೆ ಮಾಡಿದೆ. ನಿನ್ನೆ ಸಂಜೆ ಪರೀಕ್ಷೆಗೆಂದು ಬೈಂದೂರಿನ ಆಚೆ ಒತ್ತಿನೆಣೆಯ ಗುಡ್ಡಕ್ಕೆ ಹೋಗಿ ಅಲ್ಲೇ ತಂಗಿದೆ. ಕೆಳಗೆ ಸಮುದ್ರ, ಮೇಲೆ ಕೆಂಪು ಮುರಕಲ್ಲು. ಸೂರ್ಯ ಮುಳುಗುವವರೆಗೆ ಎಲ್ಲವೂ ನಾನು ಎಣಿಸಿದ ಹಾಗೇ ಇತ್ತು. ಆಮೇಲೆ ಗಾಳಿ ಎದ್ದಿತು. ಮುರಕಲ್ಲಿಗೆ ಗೂಟ ಇಳಿಯುವುದಿಲ್ಲವೆಂದು ಮೊದಲೇ ತಿಳಿಯಬೇಕಿತ್ತು. ಬಟ್ಟೆ ಹಾರಿ ತಲೆಯ ಮೇಲೆ ಬಿತ್ತು. ಸುತ್ತಿಕೊಂಡು ಗಾಡಿಗೆ ಒರಗಿ ಕೂತೆ.

ಅನ್ನ ಹೆಚ್ಚು ಬೇಯಿಸಿದ್ದೆ. ಒಬ್ಬನಿಗೆ ಎಷ್ಟು ಎಂದು ಈಗಲೂ ಅಂದಾಜು ಸಿಗುವುದಿಲ್ಲ. ಒಂದು ಹೊತ್ತಿನಲ್ಲಿ "ಉಪ್ಪು ಎಲ್ಲಿಟ್ಟೆ?" ಎಂದು ನಾನೇ ಜೋರಾಗಿ ಕೇಳಿದೆ. ಉತ್ತರಕ್ಕೆ ಕಾದೆ ಕೂಡ.

ಹಿಂದೆ ಬರುವಾಗ ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಸಮುದ್ರ, ನಡುವೆ ನಾನೊಬ್ಬನೇ. ಗಾಡಿ ಚೆನ್ನಾಗಿ ಓಡಿತು.

೧೯ ನವೆಂಬರ್

ಏರು ದಾರಿಯಲ್ಲಿ ಗಾಡಿ ಹೇಗೆ ಎಳೆಯುತ್ತದೆ ನೋಡಬೇಕಿತ್ತು. ಸಿದ್ದಾಪುರದವರೆಗೆ ಹೋದೆ. ಅಲ್ಲಿಂದ ಹೊಸಂಗಡಿಯ ಕಡೆ ಹೋಗುವುದೆಂದು ಎಣಿಸಿದ್ದೆ, ಆದರೆ ಬಲಕ್ಕೆ ತಿರುಗಿದೆ. ಆ ದಾರಿಯೂ ಏರೇ. ಅಮಾಸೆಬೈಲಿಗೆ ಸ್ವಲ್ಪ ಮುಂಚೆ ತೊರೆಗೆ ಹಾಕಿದ ಸಂಕದ ಹತ್ತಿರ ನಿಲ್ಲಿಸಿದೆ. ಇಂಜಿನ್ ಬಿಸಿಯಾಗಿತ್ತು. ಹಿಂದೆ ಬಂದೆ.

೨೦ ನವೆಂಬರ್

ಇಂಜಿನ್ ಬಿಸಿಯಾಗಿರಲಿಲ್ಲ.

೨೬ ನವೆಂಬರ್

ಜಲಜಕ್ಕ ಇವತ್ತು ಐಸ್ ತೆಗೆದುಕೊಂಡ ಮೇಲೂ ಹೋಗಲಿಲ್ಲ. ದಿನಾ ಬೆಳಿಗ್ಗೆ ಮೀನಿನ ಬುಟ್ಟಿಗೆ ಐಸ್ ಹಾಕಿಸಿಕೊಂಡು ಮೊದಲ ದೋಣಿಗೆ ಕುಂದಾಪುರದ ಪೇಟೆಗೆ ಹೋಗುವ ಹೆಂಗಸು. ಇಷ್ಟು ವರ್ಷದಲ್ಲಿ ನನ್ನೊಡನೆ ಐಸ್ ಪುಡಿ ಕಮ್ಮಿಯಾಯಿತು ಎನ್ನುವುದು ಬಿಟ್ಟು ಬೇರೆ ಮಾತು ಆಡಿದ್ದಿಲ್ಲ. ಇವತ್ತು ಗಾಳಿ ಇತ್ತು, ಕಡವಿನ ದೋಣಿ ಬಿಟ್ಟಿರಲಿಲ್ಲ. ಬಾಗಿಲಲ್ಲಿ ಕೂತು ಎಲೆ ಹಾಕಿಕೊಂಡಳು. ನಾನು ಡೇರೆಯ ಅಂಚು ಹೊಲಿಯುತ್ತಿದ್ದೆ.

ಎಲ್ಲಿಗೆ ಹೊರಟದ್ದು ಎಂದು ಕೇಳಿದಳು. ಹೇಳಿದೆ. ಜೋಗದಲ್ಲಿ ಎಂತ ಉಂಟು ಎಂದಳು. ನೀರು ಬೀಳುತ್ತದೆ ಎಂದೆ. ನೀರು ಕಾಣಲು ಗಂಗೊಳ್ಳಿಯವರು ಅಷ್ಟು ದೂರ ಹೋಗಬೇಕೇ ಎಂದು ನಕ್ಕಳು. ಆಮೇಲೆ ನಗು ಬಿಟ್ಟು ಕೇಳಿದಳು.

"ಹ್ವಾಯ್ ಶೆಟ್ರೆ, ನಿಮ್ಮ ಮಗಿಗೆ ಎಂತ ಹೆಸ್ರ್ ಇಟ್ಟದ್ದ್?"

ಸೂಜಿ ಕೈಯಲ್ಲೇ ನಿಂತಿತು. ಮಗು ಹೋದದ್ದಕ್ಕೆ ಎಷ್ಟೋ ಜನ ಎಷ್ಟೋ ಮಾತು ಹೇಳಿದ್ದರು. ದೇವರ ಇಚ್ಛೆ ಎಂದಿದ್ದರು, ಇನ್ನೊಂದು ಆಗುತ್ತದೆ ಎಂದಿದ್ದರು. ಹೆಸರು ಯಾರೂ ಕೇಳಿರಲಿಲ್ಲ.

"ಹೆಸರು ಇಡುವುದರೊಳಗೆ ಹೋಯಿತು. ಕಿಟ್ಟ ಅಂತ ಕರೆಯುತ್ತಿದ್ದೆವು," ಎಂದೆ.

"ಕಿಟ್ಟ," ಎಂದಳು ಜಲಜಕ್ಕ. ಆ ಹೆಸರು ಬೇರೆಯವರ ಬಾಯಿಯಲ್ಲಿ ಕೇಳದೆ ಎರಡು ವರ್ಷವಾಗಿತ್ತು.

ಅವಳು ಕೇಳದೆ ಇದ್ದರೂ ನಾನು ಹೇಳುತ್ತಾ ಹೋದೆ. ಈ ಕೋಣೆಯಲ್ಲೇ ತೊಟ್ಟಿಲು ಇದ್ದದ್ದು, ಪ್ಲಾಂಟಿನ ಯಂತ್ರದ ಸದ್ದಿಗೆ ಮಗು ನಿದ್ದೆ ಮಾಡುತ್ತಿದ್ದದ್ದು, ಸದ್ದು ನಿಂತರೆ ಎದ್ದು ಅಳುತ್ತಿದ್ದದ್ದು. ಆಷಾಢಕ್ಕೆ ಹೆಂಡತಿ ಪ್ರಭಾವತಿ ಮಗುವನ್ನು ಕರೆದುಕೊಂಡು ತಾಯಿಯ ಮನೆಗೆ ಹೋದದ್ದು. ಜುಲೈಯ ಮಳೆ. ಕಡವು ನಿಂತಿತ್ತು, ಮರ ಬಿದ್ದು ಸಿದ್ದಾಪುರದ ಬಸ್ಸೂ ನಿಂತಿತ್ತು. ಜ್ವರವೆಂಬ ಸುದ್ದಿ ಮತ್ತು ಹೋಯಿತೆಂಬ ಸುದ್ದಿ ಎರಡೂ ನನಗೆ ಒಟ್ಟಿಗೇ ಮುಟ್ಟಿದವು. ನಾನು ಹೋಗಿ ಸೇರುವಾಗ ಮಣ್ಣು ಮಾಡಿ ಮೂರನೆಯ ದಿನ. ಮನೆ ಗುಡಿಸಿ, ಸಾರಿಸಿ, ಎಲ್ಲ ಮುಗಿದಿತ್ತು.

ಜಲಜಕ್ಕ ಸಮಾಧಾನ ಹೇಳಲಿಲ್ಲ. ಕಡವಿನಿಂದ ಕೂಗು ಕೇಳಿತು, ಬುಟ್ಟಿ ಎತ್ತಲು ಕೈಕೊಡಿ ಎಂದಳು. ಎತ್ತಿ ತಲೆಗೆ ಇಟ್ಟೆ. ಹೋಗುವಾಗ ಒಂದೇ ಮಾತು ಹೇಳಿದಳು. "ಆ ಹೆಂಗ್ಸಿನ ಹತ್ರ ಇದನ್ನೆಲ್ಲ ಹೇಳಿದ್ರ್ಯಾ?"

ಇಲ್ಲ. ಹೇಳಿಲ್ಲ. ಅವಳೂ ಹೇಳಿಲ್ಲ.

೩ ಡಿಸೆಂಬರ್

ದಾರಿಯಲ್ಲಿ ಒಂದು ಸಣ್ಣ ಬದಲಾವಣೆ. ಬಾಳೆಬರೆಯಲ್ಲಿ ತಿರುವುಗಳು ಬಹಳ ಕಡಿದು, ಹೊಸಬನಿಗೆ ಆಗದು ಎಂದು ಲಾರಿಯವರು ಹೇಳುತ್ತಾರೆ. ಅಮಾಸೆಬೈಲಿನ ಮೇಲೆ ಹೋಗಿ, ಹೆಬ್ರಿ ಸೇರಿ, ಆಗುಂಬೆ ಘಾಟಿ ಹತ್ತಿದರೂ ತೀರ್ಥಹಳ್ಳಿಯ ಮೇಲೆ ಸಾಗರಕ್ಕೆ ಹೋಗಬಹುದು. ಸುತ್ತು ಹೆಚ್ಚು, ಆದರೆ ಆಗುಂಬೆಯಲ್ಲಿ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದಂತೆ.

ಆಗುಂಬೆಯಲ್ಲಿ ತಿರುವು ಕಮ್ಮಿಯೇನೂ ಅಲ್ಲ. ಇರಲಿ.

೧೦ ಡಿಸೆಂಬರ್

ಡೇರೆ ಮತ್ತೆ ಬಿಚ್ಚಿ ಸ್ವಲ್ಪ ಅಗಲ ಮಾಡಿದೆ. ಸಾಮಾನು ಇಡಲು ಜಾಗ ಬೇಕು. ಪ್ಲಾಂಟಿನ ಧಣಿಗಳು ರಜೆಗೆ ಒಪ್ಪಿದರು. ಪಂಪ್ ಸ್ಟವ್, ಅವಲಕ್ಕಿ, ಉಪ್ಪಿನಕಾಯಿ, ಎರಡು ಕಂಬಳಿ, ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಡಬ್ಬ, ಎಲ್ಲವನ್ನೂ ಕಟ್ಟಿ ನೋಡಿದೆ. ಗಾಡಿಯ ಹಿಂದಿನ ಸೀಟು ಪೂರ್ತಿ ತುಂಬಿತು.

೧೬ ಡಿಸೆಂಬರ್

ಬೆಳಿಗ್ಗೆ ಹೊರಟೆ. ಸಿದ್ದಾಪುರದಲ್ಲಿ ಬಲಕ್ಕೆ ತಿರುಗಿದೆ. ಸಂಕ ದಾಟಿದೆ. ಹೆಬ್ರಿಯ ದಾರಿ ಪ್ರಭಾವತಿಯ ಮನೆಯ ಗದ್ದೆಯ ಬದಿಯಿಂದಲೇ ಹೋಗುತ್ತದೆ. ನಿಲ್ಲಿಸಲೇಬೇಕೆಂದು ಇರಲಿಲ್ಲ. ನಿಲ್ಲಿಸಿದೆ.

ಪ್ರಭಾವತಿ ಅಂಗಳದಲ್ಲಿ ಭತ್ತ ಹರಡುತ್ತಿದ್ದಳು. ಸದ್ದು ಕೇಳಿ ಬೇಲಿಯ ತಡಮೆಯ ಹತ್ತಿರ ಬಂದಳು. ಸಣ್ಣಗಾಗಿದ್ದಾಳೆ. ಕೈಗೆ ಹೊಟ್ಟು ಅಂಟಿತ್ತು. ನನ್ನನ್ನು ನೋಡಿದಳು, ಗಾಡಿಯನ್ನು ನೋಡಿದಳು, ಕಟ್ಟಿದ ಸಾಮಾನು ನೋಡಿದಳು. ಎಲ್ಲಿಗೆ ಎಂದು ಕೇಳಿದಳು. ಜೋಗಕ್ಕೆ ಎಂದೆ. ನಾಳೆ ಬೈಂದೂರಿನಲ್ಲಿ ಸೇರುವುದಲ್ಲವೇ ಎಂದಳು. ನೀನು ಏನು ಹೇಳಿದರೂ ನನಗೆ ಒಪ್ಪಿಗೆ, ಅದಕ್ಕೆ ನಾನಿರಬೇಕೆಂದಿಲ್ಲ ಎಂದೆ.

ಅವಳು ಕೈಗೆ ಅಂಟಿದ ಹೊಟ್ಟು ಉಜ್ಜಿ ಕೊಡವಿದಳು. ಆಮೇಲೆ ಹೇಳಿದಳು, ದನಿ ಏರಿಸದೆ.

"ಅವತ್ತೂ ಹೀಂಗೇ. ಬಂದ್ರಿ, ಜಗ್ಲಿ ಮೇಲೆ ಕೂತ್ರಿ, ಕಾಫಿ ಕುಡ್ದ್ರಿ, ಹೋದ್ರಿ. ಮಗಿನ್ನ ಎಲ್ಲಿ ಮಣ್ಣ್ ಮಾಡಿದ್ದ್ ಅಂತ ಒಂದ್ ಮಾತ್ ಕೇಣ್ಲಿಲ್ಲ."

"ಕೇಂಡ್ರೆ ನಿಂಗೆ ಬೇಜಾರ್ ಆತ್ತ್ ಅಂದ್ಕಂಡೆ."

"ನೀವ್ ಕೇಣ್ತ್ರಿ ಅಂತ ನಾನ್ ಬಾಗ್ಲ ಹಿಂದೇ ನಿಂತ್ಕಂಡಿದ್ದೆ."

ಆಗ ಕೇಳಿದೆ. ಎಲ್ಲಿ ಎಂದು. ಎರಡು ವರ್ಷದ ಹಿಂದೆ ಕೇಳಬೇಕಾಗಿದ್ದ ಮಾತು ಅದು. ಅವಳು ಮುಂದೆ ನಡೆದಳು. ಕೊಯ್ದ ಗದ್ದೆ ದಾಟಿ, ನೀರಿನ ತೋಡಿನ ಆಚೆ, ಒಂದು ರೆಂಜೆ ಮರದ ಕೆಳಗೆ. ಗುರುತಿಗೆ ಒಂದು ಹೊಳೆಗಲ್ಲು ಇಟ್ಟಿದ್ದಳು. ಸುತ್ತ ಹುಲ್ಲು ಕಿತ್ತು ನೆಲ ಚೊಕ್ಕಟವಾಗಿತ್ತು. ಅವಳು ಇಲ್ಲಿಗೆ ದಿನಾ ಬರುತ್ತಾಳೆಂದು ಕೇಳದೆ ಗೊತ್ತಾಯಿತು. ಎರಡು ವರ್ಷ ಈ ಜಾಗಕ್ಕೆ ಒಬ್ಬಳೇ.

ಕೂತೆವು. ನಡುವೆ ಆ ಕಲ್ಲು.

ಗಂಗೊಳ್ಳಿಗೆ ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು. "ನಿಮ್ಮ ಮೇಲೆ ಸಿಟ್ಟ್ ಇಲ್ಲೆ. ನಿಮ್ಮ ಮುಖ ಕಂಡ್ರೆ ನಂಗೆ ಅದ್ರ ಮುಖವೇ ಕಾಂತ್. ತಡ್ಕಂಬುಕೆ ಆತಿಲ್ಲೆ."

"ನಂಗೆ ಎಲ್ಲೂ ಕಾಣ್ತಿಲ್ಲೆ ಪ್ರಭಾ," ಎಂದೆ. "ಮರ್ತ್ ಹೋತಾ ಇತ್ತ್. ಕಣ್ಣ್ ಮುಚ್ಚಿದ್ರೆ ತೊಟ್ಲ್ ಕಾಂತ್, ತೊಟ್ಲಲ್ಲಿ ಮುಖ ಇಲ್ಲೆ. ಅದಕ್ಕೇ ಬಂದೆ ನಾನ್."

ಹೇಳುವವರೆಗೆ ಇದು ನನಗೇ ಗೊತ್ತಿರಲಿಲ್ಲ. ಆಗುಂಬೆಯ ಸೂರ್ಯಾಸ್ತಕ್ಕೆ ಈ ದಾರಿ ಹಿಡಿದದ್ದೆಂದೇ ನಾನು ಎಣಿಸಿದ್ದೆ.

ಅವಳು ಅತ್ತಳು. ಎರಡು ವರ್ಷದ ಹಿಂದೆ ನನ್ನ ಎದುರು ಅತ್ತಿರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಲು ಶುರುಮಾಡಿದಳು. ಕಿಟ್ಟನ ಎಡಗಿವಿಯ ತುದಿ ಸ್ವಲ್ಪ ಒಳಗೆ ಮಡಚಿತ್ತು, ನನ್ನ ಕಿವಿಯ ಹಾಗೆ. ಗಲ್ಲದ ಕೆಳಗೆ ಹಾಲು ಸೇರಿ ಕೆಂಪಾಗುತ್ತಿತ್ತು. ಹುಬ್ಬು ಇರಲೇ ಇಲ್ಲ, ಬರೀ ಎರಡು ಗೆರೆ. ಸೀನು ಬಂದರೆ ತಾನೇ ಬೆಚ್ಚಿ ನಮ್ಮ ಮುಖ ನೋಡುತ್ತಿತ್ತು, ಸೀನಿದವರು ಯಾರು ಎನ್ನುವ ಹಾಗೆ. ಅದನ್ನು ಹೇಳುವಾಗ ಅವಳಿಗೆ ನಗು ಬಂತು, ನನಗೂ ಬಂತು. ನಾನು ಯಂತ್ರದ ಸದ್ದಿನ ಕಥೆ ಹೇಳಿದೆ. ಅದು ಅವಳಿಗೆ ಮರೆತು ಹೋಗಿತ್ತು.

ಬಿಸಿಲು ಏರಿತು. ಅವಳ ತಾಯಿ ಅಂಗಳದಿಂದ ಕೂಗಿದರು, ಕೋಳಿಗಳು ಭತ್ತಕ್ಕೆ ಬಿದ್ದಿವೆ ಎಂದು. ಎದ್ದೆವು.

ಊಟ ಅಲ್ಲೇ ಆಯಿತು. ಹೊರಡುವಾಗ ನಾಳೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೆಬ್ರಿಯ ಕಡೆ ಗಾಡಿ ತಿರುಗಿಸಿದೆ, ಸ್ವಲ್ಪ ದೂರ ಹೋಗಿ ನಿಲ್ಲಿಸಿದೆ. ನನ್ನ ಒಪ್ಪಿಗೆಯನ್ನು ಮಾವನ ಬಾಯಿಂದ ಅವಳು ಕೇಳುವುದು ಸರಿಯಲ್ಲ ಅನ್ನಿಸಿತು. ತಿರುಗಿ ಬೈಂದೂರಿಗೆ ಬಂದೆ. ಈಗ ಮಾವನ ಮನೆಯ ಚಾವಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸಾಮಾನು ಬಿಚ್ಚಿಲ್ಲ.

೧೭ ಡಿಸೆಂಬರ್, ಬೈಂದೂರು

ಅವಳು ತಾಯಿಯೊಡನೆ ಬಾಡಿಗೆ ಕಾರಿನಲ್ಲಿ ಬಂದಳು. ಅವರ ಕಡೆಯ ಹಿರಿಯರಿಬ್ಬರು ಬಂದಿದ್ದರು. ಬೆಲ್ಲ ನೀರು ಆಯಿತು, ಬೆಳೆಯ ಮಾತು ಆಯಿತು. ಆಮೇಲೆ ಮಾವ ಮೊದಲು ನನ್ನನ್ನು ಕೇಳಿದರು. ನನಗೆ ಬಿಡುಗಡೆ ಬೇಕಿಲ್ಲ, ಅವಳಿಗೆ ಬೇಕಿದ್ದರೆ ತಡೆಯುವುದಿಲ್ಲ ಎಂದೆ.

ಅವಳನ್ನು ಕೇಳಿದರು. ಬಾಗಿಲ ಹಿಂದೆ ಇದ್ದವಳು ಈಚೆ ಬಂದು ನಿಂತಳು.

"ಬಿಡುಗಡೆ ಬ್ಯಾಡ," ಎಂದಳು. "ಆದ್ರೆ ಗಂಗೊಳ್ಳಿಗೂ ಬತ್ತಿಲ್ಲೆ. ಆ ಕೋಣೆಗ್ ಹೋಪುಕೆ ನನ್ನಿಂದ ಆತಿಲ್ಲೆ. ಅವ್ರಿಗೆ ಬಪ್ಪುಕ್ ಮನ್ಸಿದ್ರೆ ಅಲ್ಲಿಗೇ ಬರ್ಲಿ."

ಯಾರಿಗೂ ಇದು ಹಿಡಿಸಲಿಲ್ಲ. ಒಂದೋ ಇದು, ಇಲ್ಲ ಅದು ಎಂದು ತೀರ್ಮಾನ ಮಾಡಲು ಬಂದವರು. ಅವರ ಕಡೆಯ ಒಬ್ಬರು ಇದೆಂತ ಸಂಸಾರ ಎಂದರು. ಮಾವ ಎಲೆಯ ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ಸುಣ್ಣ ಹಚ್ಚುತ್ತಾ ಇದ್ದರು. ಕೊನೆಗೆ, ನಮ್ಮ ಅಜ್ಜಂದಿರ ಕಾಲದಲ್ಲಿ ಹೆಂಡತಿ ಅವಳ ಮನೆಯಲ್ಲೇ ಇರುತ್ತಿದ್ದಳು, ಗಂಡನೇ ಹೋಗಿ ಬರುತ್ತಿದ್ದ, ಅದೂ ಸಂಸಾರವೇ ಆಗಿತ್ತು ಎಂದರು. ಒಪ್ಪಿ ಹೇಳಿದರೋ ಬೇಸತ್ತು ಹೇಳಿದರೋ ಗೊತ್ತಿಲ್ಲ. ಮಾತು ಅಲ್ಲಿಗೇ ನಿಂತಿತು.

ಕಾರು ಹತ್ತುವಾಗ ಅವಳು ನನ್ನ ಕಡೆ ನೋಡಲಿಲ್ಲ. ನಾನು ಗಂಗೊಳ್ಳಿಗೆ ಬಂದೆ. ಜೋಗ ಮುಂದಿನ ವಾರ.

೨೪ ಡಿಸೆಂಬರ್

ಅಮಾಸೆಬೈಲಿಗೆ ಹೋಗಿದ್ದೆ. ಅತ್ತೆ ಇನ್ನೂ ಬಿಗಿದುಕೊಂಡೇ ಇದ್ದಾರೆ. ಪ್ರಭಾ ಮಜ್ಜಿಗೆ ಕೊಟ್ಟಳು. ಮರದ ಹತ್ತಿರ ಹುಲ್ಲು ಕಿತ್ತೆವು, ಅವಳು ಆ ಬದಿ, ನಾನು ಈ ಬದಿ. ಇಳಿಹೊತ್ತಿಗೆ ಹಿಂದೆ ಬಂದೆ.

೩೧ ಡಿಸೆಂಬರ್

ಅಮಾಸೆಬೈಲು. ಹೋಗುವಾಗ ಕಂಡ್ಲೂರಿನಲ್ಲಿ ಟೈರು ಪಂಕ್ಚರ್, ತಡವಾಯಿತು. ಅವಳು ತಡಮೆಯ ಹತ್ತಿರ ನಿಂತಿದ್ದಳು. ದನ ಹುಡುಕಲು ಬಂದದ್ದೆಂದಳು. ದನ ಕೊಟ್ಟಿಗೆಯಲ್ಲೇ ಇತ್ತು.

೧೪ ಜನವರಿ ೧೯೬೮

ಸಂಕ್ರಾಂತಿ. ಹೋಗಿ ಬಂದೆ. ಗುಣಪಾಲನ ಕಾರ್ಡು ಬಂದಿದೆ, ಜೋಗ ಹೇಗಿತ್ತು ಎಂದು ಕೇಳಿದ್ದಾನೆ. ಮೀನಿನ ಕಾಲ, ಪ್ಲಾಂಟಿನಲ್ಲಿ ಕೆಲಸ ಹೆಚ್ಚು, ಇನ್ನೂ ಹೊರಡಲು ಪುರುಸೊತ್ತಾಗಿಲ್ಲ ಎಂದು ಬರೆದೆ.

೨೧ ಜನವರಿ

ಇವತ್ತು ಪ್ರಭಾ ತಾನಾಗಿಯೇ ಕೇಳಿದಳು, ಘಾಟಿಯ ಮೇಲಿನಿಂದ ಹೇಗೆ ಕಾಣುತ್ತದೆ ಎಂದು. ಹುಟ್ಟಿದಾಗಿನಿಂದ ಆ ಬೆಟ್ಟದ ಕೆಳಗೇ ಇದ್ದರೂ ಮೇಲೆ ಹೋಗಿಲ್ಲವಂತೆ. ಅತ್ತೆ ಹೋಗಿ ಬನ್ನಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ.

ಹಿಂದಿನ ಸೀಟಿನ ಮೇಲೆ ಒಂದು ಕಂಬಳಿ ಮಡಚಿ ಹಾಕಿದೆ. ಅವಳು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತು ಸೀಟಿನ ಅಂಚು ಹಿಡಿದುಕೊಂಡಳು. ಹೊಸಂಗಡಿಯವರೆಗೆ ಹಾಗೇ ಇದ್ದಳು. ಬಾಳೆಬರೆಯ ಮೊದಲ ತಿರುವಿನಲ್ಲಿ ನನ್ನ ಹೆಗಲು ಹಿಡಿದಳು. ತಿರುವು ಮುಗಿದ ಮೇಲೆ ತೆಗೆಯಬಹುದು ಎಂದು ಕಾದೆ. ತೆಗೆಯಲಿಲ್ಲ. ಲಾರಿಯವರು ಹೇಳಿದ್ದು ನಿಜ, ಬಹಳ ಕಡಿದು. ಮೊದಲ ಗೇರಿನಲ್ಲೇ ಹತ್ತಿದೆ.

ಮೇಲೆ ರಸ್ತೆಯ ಬದಿಯಲ್ಲಿ ನಿಲ್ಲಿಸಿದೆ. ಗಾಳಿ ತಣ್ಣಗಿತ್ತು. ಕೆಳಗೆ ಕಾಡು, ಅದರಾಚೆ ಗದ್ದೆಗಳು, ಅದರಾಚೆ ಮಂಜಿನಂಥ ಬಿಳುಪು. ಬಿಸಿಲು ವಾಲಿದಾಗ ಆ ಬಿಳುಪಿನ ತುದಿಯಲ್ಲಿ ಒಂದು ಗೆರೆ ಮಿನುಗಿತು. ಸಮುದ್ರ ಎಂದೆ. ಗಂಗೊಳ್ಳಿ ಎಲ್ಲಿ ಎಂದು ಕೇಳಿದಳು. ಸುಮಾರಾಗಿ ತೋರಿಸಿದೆ. ಅವಳು ನನ್ನ ಕೈಯ ಗುರಿ ಹಿಡಿದು ಬಹಳ ಹೊತ್ತು ನೋಡಿದಳು.

"ಇಷ್ಟೇ ದೂರವಾ?" ಎಂದಳು.

"ಇಲ್ಲಿಂದ ಕಂಡ್ರೆ ಇಷ್ಟೇ," ಎಂದೆ.

ಅವಳನ್ನು ಮನೆಗೆ ಬಿಟ್ಟು ಒಬ್ಬನೇ ಬಂದೆ. ಈಗ ಅವಳು ಘಾಟಿಯಿಂದ ನೋಡಿದ ಜಾಗದಲ್ಲೇ, ಗಂಗೊಳ್ಳಿಯಲ್ಲಿ, ಕೂತಿದ್ದೇನೆ. ಈ ಕೋಣೆಯ ಕಿಟಕಿಯಿಂದ ಘಾಟಿ ಕಾಣುವುದಿಲ್ಲ, ಮನೆಗಳು ಅಡ್ಡ. ನಾಳೆ ಬೆಳಿಗ್ಗೆ ಧಕ್ಕೆಯ ತುದಿಗೆ ಹೋಗಿ ನೋಡಬೇಕು. ಮಂಜು ಇರದಿದ್ದರೆ ಅಲ್ಲಿಂದ ಕಾಣಬಹುದು.